ಏಳನೆಯ ಕಾಗದ

"ಇದು ನಮ್ಮಮ್ಮನ ಕಾಗದ ಅಲ್ಲ."

ಅಜ್ಜಿ ಹಾಳೆಯನ್ನು ಮೇಜಿನ ಮೇಲಿಟ್ಟರು. ಅವರಿಗೆ ಕಣ್ಣು ಮಂಜು, ಓದುವುದೆಲ್ಲ ಬೆರಳಲ್ಲೇ.

"ಅಮ್ಮ ಪೆನ್ನು ಒತ್ತಿ ಒತ್ತಿ ಬರೀತಿದ್ದಳು. ಹಿಂದೆ ಸವರಿದರೆ ಒಂದೊಂದು ಅಕ್ಷರವೂ ಕೈಗೆ ಸಿಗ್ತಿತ್ತು. ಇದರ ಬೆನ್ನು ನುಣ್ಣಗಿದೆ. ನನ್ನ ಕಾಗದ ಎಲ್ಲಿ?"

ಕಾರ್ಯಾಗಾರದಲ್ಲಿದ್ದವರೆಲ್ಲ ನನ್ನ ಹೆಂಡತಿಯ ಕಡೆ ನೋಡಿದರು. ನಾನೂ ನೋಡಿದೆ. ಹಾಳು ಪೊಲೀಸ್ ಬುದ್ಧಿ!

ನಾನು ನಿವೃತ್ತ ಇನ್ಸ್‌ಪೆಕ್ಟರ್. ನನ್ನಾಕೆ ಇಪ್ಪತ್ತು ವರ್ಷ ಅಂಗಡಿ ಬೋರ್ಡು ಬರೆದವಳು. ನಲವತ್ತೆಂಟಕ್ಕೆ ಹೊಸ ಹುಚ್ಚು ಹಿಡಿಯಿತು. ಧಾರಾವಾಹಿಗಳಿಗೆ ಬೇಕಾದ ಸುಳ್ಳು ವಸ್ತು ಮಾಡುವ ಹುಚ್ಚು. ಇಲ್ಲದ ಊರಿನ ಬಸ್ ಟಿಕೆಟ್ಟು, ಹುಟ್ಟದೇ ಇದ್ದವನ ಮರಣಪತ್ರ, ಇಂಥವು. ಕಲಿಸುವವರು ಮಾಸ್ಟರ್, ಮೂವತ್ತು ವರ್ಷ ಪಳಗಿದ ಕೈ. ಇವಳು ಸೇರಿ ಎರಡು ತಿಂಗಳಾಗಿತ್ತು. ದಿನಾ ಬಿಟ್ಟು ಕರೆದುಕೊಂಡು ಹೋಗುವ ಡ್ರೈವರ್ ನಾನು.

ಧಾರಾವಾಹಿಯಲ್ಲಿ ಮಗಳೊಬ್ಬಳು ತಾಯಿಯ ಕಾಗದ ಹರಿದು ಹಾಕುವ ದೃಶ್ಯವಿತ್ತು. ಮಾದರಿಗೆಂದು ಮಾಸ್ಟರ್‌ಗೆ ಪರಿಚಯದ ಈ ಅಜ್ಜಿ ತಮ್ಮಲ್ಲಿದ್ದ ಒಂದೇ ಒಂದು ಕಾಗದ ಕೊಟ್ಟಿದ್ದರು. ಅದರ ನಕಲುಗಳು ಚಿತ್ರೀಕರಣಕ್ಕೆ ಹೋಗಬೇಕು, ಅಸಲಿ ಲಕೋಟೆಯಲ್ಲೇ ಇರಬೇಕು. 'ಅಸಲಿ ಬಾಗಿಲು ದಾಟಬಾರದು' ಅಂತ ಮಾಸ್ಟರ್ ಗೋಡೆಯ ಮೇಲೇ ಬರೆಸಿದ್ದರು.

"ಆರು ನಕಲು ಮಾಡಿದ್ವಿ," ಅಂದರು ಮಾಸ್ಟರ್. "ನಾಲ್ಕು ಸಲ ಚಿತ್ರೀಕರಿಸಿದ್ರು, ನಾಲ್ಕು ಹರಿದವು. ಆ ತುಂಡುಗಳು ಈ ಚೀಲದಲ್ಲಿವೆ. ಉಳಿದ ಎರಡು ಇಗೋ ಇಲ್ಲಿವೆ. ಅಲ್ಲಿಗೆ ಆರೂ ಸಿಕ್ಕವು. ಹಾಗಾದ್ರೆ ಲಕೋಟೆಯಲ್ಲಿರೋದು ಏಳನೆಯದು. ಯಾರೋ ಗುಟ್ಟಾಗಿ ಮಾಡಿ, ಅಸಲಿ ತಗೊಂಡು ಇದನ್ನಿಟ್ಟಿದ್ದಾರೆ."

ಮಾತಾಡುತ್ತಲೇ ಒಂದು ಚೀಟಿ ಹರಿದರು. ಸ್ಟೀಲ್ ಸ್ಕೇಲು ಒತ್ತಿಟ್ಟು, ಸರ್ರಂತ. ಆಮೇಲೆ ಇವಳ ಕಡೆ ತಿರುಗಿದರು.

"ಅಭ್ಯಾಸಕ್ಕೆ ಅಂತ ಹಾಳೆ ಮನೆಗೆ ಒಯ್ದೋರು ನೀವೊಬ್ಬರೇ ಅಮ್ಮ. ನಾಳೆ ನಾಲ್ಕು ಗಂಟೆಗೆ ಅಜ್ಜಿ ಮತ್ತೆ ಬರ್ತಾರೆ. ಅಷ್ಟರಲ್ಲಿ ಅಸಲಿ ಸಿಗದಿದ್ರೆ ಈ ಮೆಟ್ಟಿಲು ಹತ್ತಬೇಡಿ. ಕಳ್ಳಿ ಅನ್ನಿಸಿಕೊಂಡೋರನ್ನ ಈ ಕಸುಬಲ್ಲಿ ಯಾರೂ ಸೇರಿಸ್ಕೊಳ್ಳಲ್ಲ."

ಇವಳ ಮುಖ ಬಿಳಿಚಿಕೊಂಡಿತು. 

* * *

ನನ್ನ ಹಳೇ ಚಾಳಿ ಗೊತ್ತಲ್ಲ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು. ಕದ್ದವರು ಮಾರಿರಬಹುದು ಅಂತ ಸೀದಾ ಹಳೇ ಕಾಗದದ ವ್ಯಾಪಾರಿಯ ಅಂಗಡಿಗೆ ನುಗ್ಗಿದೆ.

ಅವನು ಬಿದ್ದು ಬಿದ್ದು ನಕ್ಕ. "ಸ್ಟಾಂಪಿಲ್ಲ, ದೊಡ್ಡವರ ಸಹಿ ಇಲ್ಲ. ಯಾರದೋ ಅಮ್ಮ ಯಾರಿಗೋ ಬರೆದದ್ದು. ಪುಕ್ಕಟೆ ಕೊಟ್ರೂ ಬೇಡ ಸಾರ್."

ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದೆ. ಇವಳು ಅಡುಗೆಮನೆಯಲ್ಲಿ ಕಾಗದ ಹರಿಯುತ್ತ ಕೂತಿದ್ದಳು.

"ಏನೇ ಇದು, ತಲೆ ಕೆಟ್ಟಿತಾ?"

"ಸುಮ್ನಿರ್ರೀ. ಕದ್ದರೆ ಯಾರಿಗೂ ಲಾಭ ಇಲ್ಲ, ಅಲ್ವಾ?"

"ಮೂರು ಕಾಸಿನ ಲಾಭ ಇಲ್ಲ."

"ಹಾಗಾದ್ರೆ ಕದ್ದೇ ಇಲ್ಲ ಅನ್ನಿ. ಕೈಯಲ್ಲಿ ಹರಿದ್ರೆ ಅಂಚು ಹೇಗೆ ಬರುತ್ತೆ ನೋಡಿ, ಹಾವಿನ ಥರ ಸೊಟ್ಟಪಟ್ಟ. ನಾಳೆ ಆ ಚೀಲ ನೋಡ್ಬೇಕು ನಾನು."

* * *

ಮರುದಿನ ನಾಲ್ಕಕ್ಕೆ ಅಜ್ಜಿ ಬಂದು ಕೂತರು. ಇವಳು ಚೀಲ ಸುರಿದು, ತುಂಡುಗಳನ್ನು ಜೋಡಿಸಿ ನಾಲ್ಕು ಕಾಗದ ಮಾಡಿದಳು. ಪಕ್ಕದಲ್ಲಿ ಚಿತ್ರೀಕರಣ ತಂಡದ ಕಂಟಿನ್ಯುಟಿ ಹುಡುಗಿ. ಪ್ರತಿ ಸಲ ಹರಿದ ಮೇಲೂ ನೆಲದ ಮೇಲಿನ ತುಂಡುಗಳ ಫೋಟೋ ತೆಗೆಯುವುದು ಅವಳ ಕೆಲಸ.

"ಮೊದಲ ಮೂರೂ ಫೋಟೋಗೆ ತಾಳೆ ಆಗ್ತವೆ," ಅಂದಳು ಹುಡುಗಿ. "ನಾಲ್ಕನೆಯದು... ಅರೆ! ಇದು ನಾನು ತೆಗೆದದ್ದೇ ಅಲ್ಲ."

ಫೋಟೋದಲ್ಲಿ ಸೊಟ್ಟಪಟ್ಟ ಅಂಚು. ಮೇಜಿನ ಮೇಲೆ ಗೆರೆ ಎಳೆದಂಥ ನೇರ ಅಂಚು.

"ನಟಿ ಸ್ಕೇಲು ಹಿಡ್ಕೊಂಡು ಅಳ್ತಾಳಾ ಸರ್?" ಅಂದಳು ಇವಳು. "ಸ್ಕೇಲಿಟ್ಟು ಹರಿಯೋದು ನಮ್ಮ ಕಸುಬಿನ ಚಟ. ನನಗಿನ್ನೂ ಆ ಪಾಠ ಬಂದಿಲ್ಲ. ಇಲ್ಲಿ ಹಾಗೆ ಹರಿಯೋರು ನೀವೊಬ್ಬರೇ."

ಮಾಸ್ಟರ್ ಕೈಯಲ್ಲಿದ್ದ ಸ್ಕೇಲನ್ನು ಮೆಲ್ಲಗೆ ಕೆಳಗಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಏಳನೆಯದು ಇರೋದು ನಿಜ," ಇವಳು ಬಿಡಲಿಲ್ಲ. "ಆದ್ರೆ ಅದನ್ನ ಮಾಡಿದ್ದು ಲಕೋಟೆಗಲ್ಲ, ಈ ಚೀಲಕ್ಕೆ. ಚಿತ್ರೀಕರಣದ ಪೆಟ್ಟಿಗೆ ತುಂಬೋರು ನೀವು. ಗುರುತು ಸಿಗದೆ ಒಂದು ನಕಲು ಲಕೋಟೆಗೆ ಸೇರ್ತು, ಅಸಲಿ ಪೆಟ್ಟಿಗೆಗೆ ಹೋಯ್ತು. ನಟಿ ಅದನ್ನೂ ಹರಿದಳು. ಆಮೇಲೆ ನಿಮಗೆ ಗೊತ್ತಾಯ್ತು."

"ಗೊತ್ತಾಗಿದ್ದು ಹೇಗೆ?" ನಾನು ಬಾಯಿ ಹಾಕಿದೆ.

"ಅಂಚಿಂದ ಕಣ್ರೀ. ಹಳೇದು ಕಾಣಲಿ ಅಂತ ನಕಲಿಗೆ ಚಹಾ ಮೇಲೆ ಮೇಲೆ ಹಚ್ಚಿರ್ತೀವಿ, ಹರಿದರೆ ಒಳಗೆ ಬಿಳಿ. ಹಳೇ ಹಾಳೆ ಒಳಗೂ ಕಂದು. ಇವರು ಆ ತುಂಡುಗಳನ್ನ ತೆಗೆದಿಟ್ಟು, ಹೊಸದೊಂದು ಮಾಡಿ ಹರಿದು ಚೀಲಕ್ಕೆ ಹಾಕಿದ್ರು."

ಮಾಸ್ಟರ್ ತಮ್ಮ ಡ್ರಾಯರ್ ಎಳೆದರು. ಚಪ್ಪಟೆ ಡಬ್ಬಿ. ಒಳಗೆ ನಾಲ್ಕು ತುಂಡು, ಅಂಚೆಲ್ಲ ಕಂದು.

"ಬಿಸಾಡೋಕೆ ಮನಸ್ಸು ಬರಲಿಲ್ಲ," ಅಂದರು. ದನಿ ಕುಸಿದಿತ್ತು. "ಮೂವತ್ತು ವರ್ಷದ ಮೇಲೆ ಅಸಲಿ ಯಾವುದು, ನನ್ನ ಕೈಯದು ಯಾವುದು ಅಂತ ನನಗೇ ತಿಳೀಲಿಲ್ಲ ಅಂದ್ರೆ ಯಾರಿಗೆ ಮುಖ ತೋರಿಸಲಿ? ಕಲಿಯೋಕೆ ಬಂದೋರ ತಲೆಗೆ ಕಟ್ಟಿಬಿಟ್ಟೆ. ತಪ್ಪಾಯ್ತು ಅಮ್ಮ."

ಅಜ್ಜಿ ಒಂದು ತುಂಡು ತೆಗೆದುಕೊಂಡು ಬೆನ್ನು ಸವರಿದರು. "ಇವಳೇ ನಮ್ಮಮ್ಮ," ಅಂದರು. ಕಣ್ಣು ತುಂಬಿ ಬಂತು.

ಮಾಸ್ಟರ್ ಅಂಟು, ಕುಂಚ ತಂದರು. "ತೆಳ್ಳನೆ ಹಾಳೆ ಹಿಂದೆ ಹಚ್ಚಿಕೊಡ್ತೀನಿ ಅಜ್ಜಿ. ಮುಂದಿನಿಂದ ಯಾರಿಗೂ ಕಾಣಲ್ಲ."

ಇವಳು ಅವರ ಕೈ ತಡೆದಳು. "ಹಿಂದೆ ಬೇಡ ಸರ್. ಮುಂದೆ ಹಚ್ಚೋಣ. ಕಂಡರೆ ಕಾಣಲಿ."

ಮಾಸ್ಟರ್ ಅವಳ ಮುಖ ನೋಡಿದರು. ತಾವು ಎದ್ದು, ತಮ್ಮ ಕುರ್ಚಿ ಎಳೆದು ಕೊಟ್ಟು, ಕುಂಚ ಅವಳ ಕೈಗಿತ್ತರು.

ಅಂಟು ಒಣಗಿತು. ಅಜ್ಜಿ ಬಾಯಿಪಾಠವಾಗಿದ್ದ ಸಾಲುಗಳನ್ನು ಗುನುಗುತ್ತ ಬೆನ್ನ ಮೇಲೆ ಬೆರಳು ಓಡಿಸಿದರು. ಹರಿದ ಕಡೆ ಬೆರಳು ನಿಂತಿತು, ದಾಟಿತು, ಮುಂದೆ ಹೋಯಿತು.

"'ಹುಷಾರು ಮಗಳೇ'," ಅಂದರು ಅಜ್ಜಿ. "ಇಲ್ಲೇ ಇದೆ."