ಕರಿಗಲ್ಲು ಬಂದ ದಾರಿ

ಬಹಳ ಹಿಂದೆ ಕೆಂಬಂಡೆ ಅಂತ ಒಂದು ರಾಜ್ಯವಿತ್ತು. ಅಲ್ಲಿ ನೆಲದ ಕಲ್ಲೆಲ್ಲ ಕೆಂಪು, ಕೋಟೆಯೂ ಕೆಂಪು. ಒಂದು ವರ್ಷ ಬಡಗಣ ಬೆಟ್ಟದಿಂದ ಹಿಮದ ರಾಶಿ ತೆವಳಿಕೊಂಡು ಇಳಿಯಿತು. ಹೊಲ ನುಂಗಿತು, ಬಾವಿ ನುಂಗಿತು, ದಾರಿಯುದ್ದಕ್ಕೂ ಕರಿಗಲ್ಲು ಉಗುಳಿತು.

ರಾಜ ವಿಜಯಕೇತುವಿಗೆ ಮಂತ್ರವಾದಿ ಧೂಮಾಕ್ಷ ಹೇಳಿದ್ದೇ ವೇದ. ಎಷ್ಟಾದರೂ ರಾಣಿಯ ಅಣ್ಣ ಅಲ್ಲವೇ!

"ಇದು ಕಲ್ಲುಕುಟಿಗರ ಗಂಗವ್ವನ ಮಾಟ," ಅಂದ ಧೂಮಾಕ್ಷ.

ಗಂಗವ್ವ ಮಾಡಿದ್ದಿಷ್ಟೇ: "ದೊರೆಗೆ ಮೊದಲೊಬ್ಬ ಹೆಂಡತಿ ಇದ್ದಳಲ್ಲ, ಎಲ್ಲಿ ಹೋದಳು?" ಅಂತ ಬಾವಿಕಟ್ಟೆಯಲ್ಲಿ ನಾಲ್ಕು ಜನರ ಮುಂದೆ ಕೇಳಿದ್ದಳು. ಹಿಮ ಕೋಟೆಬಾಗಿಲು ಮುಟ್ಟುವ ದಿನ ಅವಳನ್ನು ಅದರಡಿ ಹೂಳಬೇಕು, ಅಲ್ಲಿಯವರೆಗೆ ಸೆರೆಯಲ್ಲಿಡಬೇಕು ಎಂದು ಅಪ್ಪಣೆಯಾಯಿತು.

ಮಗಳು ಬಾಳವ್ವ ಸುತ್ತಿಗೆ ಹಿಡಿದು, ಒಂದು ಕರಿಗಲ್ಲು ಮಡಿಲಿಗೆ ಕಟ್ಟಿಕೊಂಡು ಹಿಮದ ಮೂಲ ಹುಡುಕಿ ಹೊರಟಳು. ಸೆರೆಮನೆಯ ಕಿಂಡಿಯಿಂದ ತಾಯಿ ಹೇಳಿದಳು: "ಕಲ್ಲಿನ ಬಣ್ಣ ನೋಡಿ ಮೋಸಹೋಗಬೇಡ ಮಗಳೇ. ತಟ್ಟಿ ಕೇಳು. ಒಂದೇ ಬಂಡೆಯ ಮಕ್ಕಳು ಒಂದೇ ದನಿ ಕೊಡ್ತವೆ."

ಬೆಟ್ಟದ ಬುಡದಲ್ಲಿ ಬಿಳಿ ತೋಳ ಅಡ್ಡ ನಿಂತಿತು. "ಹಿಮ ಎತ್ತಲಿಂದ ಬಂತು? ತಪ್ಪು ಹೇಳಿದರೆ ತಿಂದುಬಿಡುತ್ತೇನೆ." ಬಾಳವ್ವ ಬಂಡೆ ಸವರಿ ನೋಡಿದಳು. ಹಿಮ ಎಳೆದುತಂದ ಕಲ್ಲುಗಳು ಉದ್ದುದ್ದ ಗೀರು ಕೊರೆದಿದ್ದವು. ಗೀರು ಹಿಡಿದು ಮೇಲಕ್ಕೆ ಕೈ ತೋರಿಸಿದಳು. ತೋಳ ದಾರಿ ಬಿಟ್ಟಿತು.

ಮುಂದೆ ಮೂರು ಕಣಿವೆ ಕೂಡುವಲ್ಲಿ ಬಿಳಿ ಹದ್ದು ಕೂತಿತ್ತು. "ಯಾವ ಕಣಿವೆ?" ಮೂರರಲ್ಲೂ ಕರಿಗಲ್ಲಿನ ಗುಡ್ಡೆ! ಒಂದನ್ನು ತಟ್ಟಿದಳು, ಮಂಕು ದನಿ. ಇನ್ನೊಂದನ್ನು ತಟ್ಟಿದಳು, ಒಡಕು ದನಿ. ಮೂರನೆಯದು ಮಡಿಲ ಕಲ್ಲಿನಂತೆಯೇ ಟಣ್ ಎಂದಿತು. ಹದ್ದು ಹಾರಿಹೋಯಿತು.

ಕಣಿವೆಯ ಕೊನೆಗೆ ಬಿಳಿ ಕರಡಿ. ಅದು ಮೆತ್ತಗೆ ಮಾತಾಡಿತು: "ತಿರುಗಿ ಹೋಗು. ನಿನ್ನ ತಾಯಿ ಮನೆ ಸೇರುತ್ತಾಳೆ. ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರೆ ಸಾಕು."

"ಅವ್ವನ ಜೀವ ಉಳೀಬಹುದು. ಊರು?" ಅಂದಳು ಬಾಳವ್ವ. "ಅದೂ ಅಲ್ಲದೆ, ಬಾಯಿ ಮುಚ್ಚೋದು ನಮ್ಮ ವಂಶದಲ್ಲೇ ಇಲ್ಲ." ಕರಡಿ ಮಂಜಾಗಿ ಕರಗಿತು.

ಅದರ ಹಿಂದೆ ಕರಿಗಲ್ಲಿನ ಮುರುಕು ಮನೆ. ಒಳಗೆ ಅತ್ತತ್ತು ಹಣ್ಣಾಗಿದ್ದ ಹೆಂಗಸೊಬ್ಬಳು ಇನ್ನೂ ಅಳುತ್ತಿದ್ದಳು. ಕಣ್ಣೀರು ಬಿದ್ದಲ್ಲೇ ಹೆಪ್ಪುಗಟ್ಟಿ ಕಣಿವೆಗೆ ಜಾರುತ್ತಿತ್ತು.

"ನಾನು ವಿಜಯಕೇತುವಿನ ಕೈಹಿಡಿದವಳು, ಚಂಪಕಾದೇವಿ," ಅಂದಳು. "ತನ್ನ ತಂಗಿಯನ್ನು ಪಟ್ಟಕ್ಕೆ ಕೂರಿಸಲು ಧೂಮಾಕ್ಷ ನನ್ನನ್ನು ಇಲ್ಲಿ ಕಟ್ಟಿಹಾಕಿದ. ಒಲೆಯ ಮೂರು ಗುಂಡುಕಲ್ಲುಗಳಲ್ಲಿ ಒಂದನ್ನು ಕದ್ದೊಯ್ದ. ಅಂದಿನಿಂದ ಒಲೆ ಉರಿದಿಲ್ಲ, ಅಳು ನಿಂತಿಲ್ಲ."

ಬಾಳವ್ವನಿಗೆ ಥಟ್ಟನೆ ನೆನಪಾಯಿತು. ಕೆಂಪು ಆಸ್ಥಾನದಲ್ಲಿ ಧೂಮಾಕ್ಷ ಕೂರುವ ಪೀಠವೊಂದೇ ಕಪ್ಪು. ಎಲ್ಲರೂ ಕಂಡಿದ್ದರು, ಯಾರೂ ಕೇಳಿರಲಿಲ್ಲ.

ಅವಳು ಓಡಿಬರುವಾಗ ಹಿಮ ಕೋಟೆಬಾಗಿಲಿಗೆ ಗೇಣು ದೂರವಿತ್ತು. ಗಂಗವ್ವನನ್ನು ಅಲ್ಲೇ ನಿಲ್ಲಿಸಿದ್ದರು. ಧೂಮಾಕ್ಷ ತನ್ನ ಪೀಠ ತರಿಸಿಕೊಂಡು ರಾಜನ ಪಕ್ಕ ಕೂತಿದ್ದ, ನೋಡಿ ಖುಷಿಪಡಲು.

ಬಾಳವ್ವ ಮಡಿಲ ಕಲ್ಲು ತಟ್ಟಿದಳು: ಟಣ್. ಪೀಠ ತಟ್ಟಿದಳು: ಟಣ್. ಊರೆಲ್ಲ ಕೇಳಿತು.

"ಇದು ಧೂಮಾಕ್ಷ ಬೆಟ್ಟದಲ್ಲಿ ಕಟ್ಟಿಹಾಕಿದ ಚಂಪಕಾದೇವಿಯ ಒಲೆಗುಂಡು. ನಿಮಗೆ ಗೊತ್ತಿತ್ತಾ ದೊರೆ?"

ರಾಜ ತಲೆ ತಗ್ಗಿಸಿದ. "ಕೇಳಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು."

"ಹಂಗಾದ್ರೆ ಹೊರು," ಅಂದಳು ಗಂಗವ್ವ.

ರಾಜ ಒಲೆಗುಂಡನ್ನು ತಾನೇ ತಲೆಮೇಲೆ ಹೊತ್ತು ಬೆಟ್ಟ ಹತ್ತಿದ. ಮೂರನೆಯ ಗುಂಡು ಕೂತಿತು, ಒಲೆ ಹೊತ್ತಿತು. ಅತ್ತ ಧೂಮಾಕ್ಷ ನಿಂತಲ್ಲೇ ಹೊಗೆಯಾಗಿ ಹೋದ. ಹಿಮ ನೀರಾಗಿ ಕೆರೆ ತುಂಬಿತು. ಅಣ್ಣನ ಸಂಚು ಏನೂ ತಿಳಿಯದ ಕಿರಿರಾಣಿ ಬೆಟ್ಟಕ್ಕೆ ಬಂದು "ಅಕ್ಕಾ" ಅಂತ ಕಾಲಿಗೆ ಬಿದ್ದಳು. ಚಂಪಕಾದೇವಿ ಎತ್ತಿ ಪಕ್ಕಕ್ಕೆ ಕೂರಿಸಿಕೊಂಡಳು. ಮೊದಲ ಅನ್ನ ಬಡಿಸಿದ್ದು ಗಂಗವ್ವನಿಗೆ, ಕೊನೆಯದು ರಾಜನಿಗೆ.

ಕರಿಗಲ್ಲುಗಳು ಕೆಂಪು ಹೊಲದಲ್ಲಿ ಬಿದ್ದಲ್ಲೇ ಉಳಿದವು. ಯಾರೂ ಕದಲಿಸಲಿಲ್ಲ. ಆ ಒಲೆ ಮತ್ತೆ ಆರಲಿಲ್ಲ. ಕೇಳಿದವರ ಮನೆಯ ಒಲೆಯೂ ಆರದಿರಲಿ.