ಹೊಳಿಯಮ್ಮನ ಪಾಲು

ದಿನಾ ಮೊಸರು ತಿನ್ನಲು ಬರುತ್ತಿದ್ದ ವಾಗೀಶ ವಾರವೆಲ್ಲ ಮುಖ ತೋರಿಸಿರಲಿಲ್ಲ. ಅವತ್ತು ಬಂದವನು ಮೊಸರು ತಿನ್ನಲಿಲ್ಲ. ಕಪ್ಪಿಗೆ ಮುಚ್ಚಳ ಹಾಕಿ ಐಸ್ ಡಬ್ಬಿಯೊಳಗಿಟ್ಟ.

ಆದೋನಿಯಲ್ಲಿ, ಮನೆ ಮುಂದೆಯೇ ಅಜ್ಜಿ ಗುರುಲಿಂಗಮ್ಮನ ಮೊಸರಂಗಡಿ ನೋಡಿಕೊಳ್ಳುವ ಗಂಗೋತ್ರಿಗೆ ಮುನಿಸು ಮೂಗಿನ ತುದಿಯಲ್ಲೇ ಇತ್ತು.

"ಯಾರಿಗ್ರಿ ಪಾರ್ಸಲ್ಲು? ಮನ್ಯಾಗ ಹೊಸಬರು ಬಂದಾರೇನು?"

"ಲ್ಯಾಬಿಗ್ರಿ." ಹಾಲು ಪರೀಕ್ಷೆ ಮಾಡುವುದೇ ಅವನ ಕೆಲಸ. "ನಿಮ್ಮ ಮೊಸರು ತಿಂದಮ್ಯಾಲೆ ಹೊಟ್ಟಿ ಕೆಟ್ಟಿತ್ತು. ಬ್ಯಾರೆ ಯಾವುದರಿಂದಾನ ಆಗಿರ್ಲಿ ಅಂತ ಬೇಡ್ಕೊಳ್ಳಾಕತ್ತೀನಿ."

ಬೇಡಿಕೆ ಫಲಿಸಲಿಲ್ಲ. ಲ್ಯಾಬಿನ ತಟ್ಟೆ ತುಂಬ ಕೆಂಪು ಚುಕ್ಕಿಗಳೆದ್ದವು. ಇ-ಕೋಲೈ, ಹೊಟ್ಟೆ ಕೆಡಿಸುವ ಕಣ್ಣಿಗೆ ಕಾಣದ ಹುಳ. ಎಲ್ಲಿಂದ ಬಂತೆಂದು ಸಿಗುವತನಕ ಮಾರಬಾರದು ಅಂದ. ಗಂಗೋತ್ರಿ ಷಟರ್ ಎಳೆದಳು. ಬೇಸಿಗೆಯಲ್ಲಿ ಕೈಬಿಟ್ಟ ಗಿರಾಕಿ ಮತ್ತೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಸಂಜೆ ಬಂದು ಹೆಪ್ಪು, ಗಡಿಗೆ, ಸೌಟು ಎಲ್ಲದರ ಸ್ಯಾಂಪಲ್ ತೆಗೆದ. ಕಡೆಗೆ, "ಕೈ ಕೊಡ್ರಿ" ಅಂದ.

ಒದ್ದೆ ಹತ್ತಿಯ ಕಡ್ಡಿ ಅಂಗೈ ಗೆರೆಗುಂಟ ನಿಧಾನ ಹರಿಯಿತು. ಬೆರಳ ಸಂದಿಗೆ ಬಂದಾಗ ಅವನ ಕಿವಿ ಕೆಂಪಾದದ್ದು ಅವಳಿಗೆ ಕಂಡಿತು.

"ಎಲ್ಲಾರ ಕೈನೂ ಇಷ್ಟೊತ್ತು ನೋಡ್ತೀರೇನು?"

"ಇಲ್ರಿ. ಉಳಿದೋರು ಇಷ್ಟು ಮಾತಾಡಂಗಿಲ್ಲ."

ಕೈ ಶುದ್ಧ, ಹೆಪ್ಪು, ಗಡಿಗೆ, ಸೌಟೂ ಶುದ್ಧ. ವಾಗೀಶನಿಗೆ ತಲೆ ಕೆಟ್ಟಿತು. "ನನ್ನೆದುರಿಗೇ ಹೆಪ್ಪು ಹಾಕಿ ತೋರಿಸ್ರಿ."

ಕಾಯಿಸಿದಳು, ಆರಿಸಿದಳು, ಹೆಪ್ಪು ಬೆರೆಸಿದಳು. ಆಮೇಲೆ ದಿನದ ರೂಢಿಯಂತೆ ಗೂಡಿನಿಂದ ಬಾಟಲಿ ತೆಗೆದು ನಾಲ್ಕು ಹನಿ ಬಿಟ್ಟಳು.

"ಇದೇನ್ರಿ?"

"ಹೊಳಿ ನೀರು."

ತುಂಗಭದ್ರೆಗೆ ಹೋದಾಗ ತಂದು ತಿಂಗಳುಗಟ್ಟಲೆ ಇಟ್ಟದ್ದು. ಹಿಂದೊಮ್ಮೆ ಹಾಲಿನ ಗಡಿಗೆ ಹೊತ್ತು ಹೊಳೆ ದಾಟುವಾಗ ತೇಲಿಹೋಗುತ್ತಿದ್ದ ಹುಡುಗಿಯನ್ನು ಹೊಳಿಯಮ್ಮ ದಡ ಸೇರಿಸಿದಳಂತೆ. ಅಂದಿನಿಂದ ಅವಳ ಪಾಲಿಲ್ಲದೆ ಹಾಲು ಹೆಪ್ಪಾಗದು ಎಂಬುದು ಅಜ್ಜಿಯ ಕತೆ. ಅದನ್ನೂ ಹೇಳಬೇಕೆಂದು ಗಂಗೋತ್ರಿಗೆ ತೋಚಿಯೇ ಇರಲಿಲ್ಲ.

ಬಾಟಲಿ ನೀರಿನ ತಟ್ಟೆಯೂ ಕೆಂಪಾಯಿತು.

"ಹೊಳಿಯಮ್ಮಂದು ತಪ್ಪಿಲ್ರಿ," ಅಂದ ವಾಗೀಶ. "ಎಷ್ಟೋ ದಿನ ಮುಚ್ಚಿಟ್ಟ ನೀರು, ಮ್ಯಾಲೆ ಬೆಚ್ಚನ ಹಾಲು. ಹುಳ ರಾತ್ರಿಯೆಲ್ಲ ಉಂಡು ಬೆಳದಾವು."

ಗಂಗೋತ್ರಿಯ ಕಣ್ಣು ತುಂಬಿತು. "ಬಿಟ್ಟುಬಿಡು ಅಂತ ಅಜ್ಜಿಗೆ ಹೆಂಗ ಹೇಳ್ಲಿ?"

"ಬಿಡೋದ್ಯಾಕ? ಒಲಿ ಮ್ಯಾಲೆ ಇಡೋ ಮುಂಚೇನ ಹಾಕ್ರಿ. ಹಾಲಿನ ಕೂಡ ಅದೂ ಕುದೀಲಿ."

ಬಾಗಿಲ ಹಿಂದಿನಿಂದ ಅಜ್ಜಿಯ ದನಿ ಬಂತು. "ಸರೇ ಬಿಡು. ಆಕಿ ಬಿಸಿಗೆ ಹೆದರೋಳಲ್ಲ."

ಮುಂದಿನ ತಟ್ಟೆಗಳಲ್ಲಿ ಒಂದು ಚುಕ್ಕಿಯೂ ಏಳಲಿಲ್ಲ. ಷಟರ್ ಎತ್ತಿದ ಬೆಳಿಗ್ಗೆ ಸುದ್ದಿ ಹೇಳಿದವನು ಅಲ್ಲೇ ನಿಂತ.

"ನಿಮ್ಮ ಕೆಲಸ ಮುಗೀತಲ್ರಿ," ಅಂದಳು, ಮುಖ ನೋಡದೆ.

"ಮುಗೀತು. ನಾಳಿಂದ ಕೆಲಸಿಲ್ದ ಬರ್ತೀನಿ. ಅಜ್ಜಿನ್ನ ಕೇಳ್ಲೇನು?"

"ಮೊದ್ಲು ನನ್ನ ಕೇಳ್ರಿ."

"ನಿನ್ನೇ ಕೇಳಾಕತ್ತೀನಲ್ಲ, ಗಂಗೋತ್ರಿ."

ಗಟ್ಟಿ ಮೊಸರು ನೀರಾಗುವಷ್ಟು ಸೌಟು ತಿರುವುತ್ತ ಅವಳು ಒಳಗೆ ಕೂಗಿದಳು. "ಅಜ್ಜೀ, ಸ್ವಲ್ಪ ಹೊರಗ ಬಾ. ಈತ ನಿನ್ನ ಏನೋ ಕೇಳ್ತಾನಂತ. ಹ್ಞೂಂ ಅನ್ನು."