ಯಾವ ಗಂಟು, ಯಾವ ಚೀಟಿ

"ಗ್ರೀಷ್ಮಾ! ಮಳಿ ಬಂತು! ಜಲ್ದಿ ಬಾ!"

ಟೆರೇಸಿನಿಂದ ಅಜ್ಜಿ ಕೂಗಿದಳು. ಗ್ರೀಷ್ಮಾ ಕೇರಂ ಆಟ ಬಿಟ್ಟು ಮೆಟ್ಟಿಲು ಹತ್ತಿದಳು. ಪಕ್ಕದ ಮನೆಯ ಅರ್ಜುನ್ ಕೂಡ ಹಿಂದೆಯೇ ಓಡಿದ.

ಬೆಳಿಗ್ಗೆಯಿಂದ ನಾಗಪುರ ಹಂಚಿನ ಹಾಗೆ ಕಾದಿತ್ತು. ಈಗ ಆಕಾಶ ಕಪ್ಪಾಗಿ ದಪ್ಪ ದಪ್ಪ ಹನಿ ಬೀಳುತ್ತಿತ್ತು. ಟೆರೇಸಿನ ಒಂದು ಕಡೆ ಅಜ್ಜಿಯ ಸಂಡಿಗೆ. ಇನ್ನೊಂದು ಕಡೆ ಬಟ್ಟೆಯ ತಂತಿಯ ಮೇಲೆ ಅಮ್ಮನ ಗಂಟುಗಳು.

"ನಾ ಸಂಡಿಗಿ ತಗೀತೀನಿ. ನೀ ನಿಮ್ಮವ್ವನ ಹೊಲಸು ತಗಿ!"

"ಹೊಲಸಲ್ಲಜ್ಜಿ, ಸ್ಯಾಂಪಲ್!"

ಗ್ರೀಷ್ಮಾಳ ಅಮ್ಮ ರಾಗಿಣಿ ಮೇಳಘಾಟದ ಕಾಡಿನಲ್ಲಿ ಸೀಳುನಾಯಿಗಳ ಬಗ್ಗೆ ಅಧ್ಯಯನ ಮಾಡುತ್ತಾಳೆ. ಅವು ಏನು ತಿನ್ನುತ್ತವೆ ಎಂದು ತಿಳಿಯಲು ಅವುಗಳ ಹಿಕ್ಕೆ ಆರಿಸಿ ತರುತ್ತಾಳೆ. ಹಿಕ್ಕೆಯನ್ನು ತೊಳೆದರೆ, ಅವು ತಿಂದ ಪ್ರಾಣಿಯ ಕೂದಲು ಉಳಿಯುತ್ತದೆ. ಆ ಕೂದಲನ್ನು ಸೊಳ್ಳೆಪರದೆಯ ತುಂಡಿನಲ್ಲಿ ಕಟ್ಟಿ ಒಣಗಿಸುತ್ತಾಳೆ. ಗಂಟಿನ ಜೊತೆ ಒಂದು ಚೀಟಿ, ಎರಡಕ್ಕೂ ಸೇರಿ ಒಂದು ಕ್ಲಿಪ್ಪು. ಚೀಟಿಯಲ್ಲಿ ಹಿಕ್ಕೆ ಸಿಕ್ಕ ಜಾಗದ ಹೆಸರು.

ಗ್ರೀಷ್ಮಾ, ಅರ್ಜುನ್ ಇಬ್ಬರೂ ಪಟಪಟ ಕ್ಲಿಪ್ಪು ಕಿತ್ತು, ಎಲ್ಲವನ್ನೂ ಬಕೆಟ್ಟಿಗೆ ಹಾಕಿ ಕೆಳಗೆ ತಂದರು.

ಅರ್ಧ ಸಂಡಿಗೆ ನೆನೆದು ಮುದ್ದೆಯಾಗಿತ್ತು. "ತಿನ್ನೂದು ಹಾಳಾತು, ಹೇಲು ಉಳೀತು. ಇದ್ಯಾವ ನ್ಯಾಯ?" ಎಂದು ಗೊಣಗುತ್ತ ಅಜ್ಜಿ ಅಡುಗೆಮನೆಗೆ ಹೋದಳು. ಅರ್ಜುನ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಗ್ರೀಷ್ಮಾ ಬಕೆಟ್ಟನ್ನು ಚಾಪೆಯ ಮೇಲೆ ಬೋರಲು ಹಾಕಿದಳು. ಒಂದೂ ನೆನೆದಿರಲಿಲ್ಲ. ಆದರೆ ಗಂಟುಗಳು ಒಂದು ಕಡೆ, ಚೀಟಿಗಳು ಇನ್ನೊಂದು ಕಡೆ.

ಅವಳು ಒಂದು ಚೀಟಿ ಎತ್ತಿ ನೋಡಿದಳು. "ಅರ್ಜುನ್, ಯಾವ್ದಕ್ಕ ಯಾವ ಚೀಟಿ?"

"ಟೆನ್ಶನ್ ಕಾಯ್‌ಕೋ? ಸಬ್ ಸೇಮ್ ಹೈ ಯಾರ್. ಯಾವ್ದಕ್ಕರ ಯಾವ್ದರ ಹಚ್ಚು. ಕಿಸೀಕೋ ಪತಾ ನಹೀಂ ಚಲೇಗಾ, ಯಾರಿಗೂ ತಿಳಿಯೂದಿಲ್ಲ."

ಅಮ್ಮ ಕಾಡಿನಿಂದ ಬಂದು ಇನ್ನೂ ಎರಡೇ ದಿನವಾಗಿತ್ತು. ಕಾಲ ತುಂಬ ಉಣ್ಣೆಹುಳ ಕಚ್ಚಿದ ಗುರುತು, ಬಿಸಿಲಿಗೆ ಸುಲಿದ ಮೂಗು. ಬಂದವಳೇ ಚಪ್ಪಲಿ ಬಿಡುತ್ತ ಹೇಳಿದ್ದಳು: "ನಡಿಯೂದು ಮುಗೀತು. ಸಾಲಿ ಚಾಲೂ ಆಗೂತನಕ ನಾ ಮನಿಯಾಗ." ಈಗ ಇದು ಗೊತ್ತಾದರೆ ಮತ್ತೆ ಆರಿಸಿ ತರಲು ಹೊರಡುತ್ತಾಳೆ. ಮಳೆಗಾಲ ಹಿಡಿದರೆ ಕಾಡಿನ ದಾರಿ ಮುಚ್ಚುತ್ತದೆ. ಹಾಗಾಗಿ ತಕ್ಷಣವೇ ಹೊರಡುತ್ತಾಳೆ.

ಗ್ರೀಷ್ಮಾ ಕೈಗೆ ಸಿಕ್ಕ ಗಂಟಿಗೆ ಕೈಗೆ ಸಿಕ್ಕ ಚೀಟಿ ಹಚ್ಚಿದಳು. ಕ್ಲಿಪ್ಪು ಹಾಕಿದಳು. ಇನ್ನೊಂದು. ಮತ್ತೊಂದು.

ಸಂಜೆ ಆಫೀಸಿನಿಂದ ಬಂದ ಅಮ್ಮ ಅವಳನ್ನು ಗಟ್ಟಿಯಾಗಿ ಅಪ್ಪಿಕೊಂಡಳು. "ಮಳಿ ನೋಡಿ ನನ್ನ ಜೀವಾನ ಹೋಗಿತ್ತು. ಎಲ್ಲಾ ಉಳಿಸಿಯಲ್ಲ, ಬಂಗಾರ!"

ಗ್ರೀಷ್ಮಾ ಬಿಡಿಸಿಕೊಂಡು ನೀರು ಕುಡಿಯಲು ಹೋದಳು. ಬಾಯಾರಿಕೆ ಇರಲಿಲ್ಲ.

ಊಟದ ಟೇಬಲ್ ಮೇಲೆ ಅಮ್ಮ ಮೈಕ್ರೋಸ್ಕೋಪ್ ಇಟ್ಟಳು. ಒಂದು ಗಂಟು ಬಿಚ್ಚಿದಳು. "ಇದು ಜಿಂಕಿ," ಎಂದು ಬರೆದುಕೊಂಡಳು. ಇನ್ನೊಂದು ಬಿಚ್ಚಿದಳು. ಈ ಸಲ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಇದು ದನದ ಕೂದಲ. ಚೀಟಿ ನೋಡಿದ್ರ ಒಳಕಾಡಿಂದು. ಅಲ್ಲಿ ದನಾನ ಇಲ್ಲಲ್ಲ?"

ಅಜ್ಜಿ ಬೆಳ್ಳುಳ್ಳಿ ಬಿಡಿಸುತ್ತ ಕೇಳಿದಳು, "ತಿಂದ್ರ ತಿನ್ನಲಿ ಬಿಡು. ಏನಾತೀಗ?"

"ಹಂಗಲ್ಲ ಅತ್ತಿ. ಒಳಕಾಡಿನ ಗುಂಪು ದನಾ ಮುಟ್ಟೂದಿಲ್ಲಂತ ನಾನ ಊರವರಿಗೆ ಹೇಳೇನಿ. ಮುಟ್ಟತಾವ ಅಂದ್ರ ಅದಕ್ಕೂ ವಿಷ ಇಡ್ತಾರ." ಅಮ್ಮ ಹಣೆ ಒತ್ತಿಕೊಂಡಳು. "ನಂದಽ ತಪ್ಪಿರಬೇಕು. ದಣಿದಿದ್ದೆ. ಚೀಟಿ ಬರಿಯೂವಾಗ ಏನರ ತಪ್ಪಿರಬೇಕು. ಹಂಗಾದ್ರ ಇನ್ನೆಷ್ಟು ತಪ್ಪಾಗ್ಯಾವೋ ಏನೋ!"

ಅಮ್ಮ ತನ್ನ ಕೈಬರಹವನ್ನೇ ಯಾರೋ ಬರೆದದ್ದು ಎಂಬಂತೆ ನೋಡುತ್ತಿದ್ದಳು.

"ಅಮ್ಮ, ನಿಂದು ತಪ್ಪಿಲ್ಲ." ಗ್ರೀಷ್ಮಾಳ ದನಿ ಸಣ್ಣಗಾಯಿತು. "ಮಳ್ಯಾಗ ಕೀಳೂ ಮುಂದ ಚೀಟಿ ಎಲ್ಲಾ ಕಳಚಿದ್ವು. ಆಮ್ಯಾಲ ನಾನ... ಹಂಗಽ ಹಚ್ಚಿಬಿಟ್ಟೆ."

"ಎಲ್ಲಾನೂ?"

"ಹ್ಞೂಂ."

ಅಮ್ಮ ಪೆನ್ನು ಕೆಳಗಿಟ್ಟಳು. "ನನಗ ಭಾಳ ಸಿಟ್ಟು ಬಂದೈತಿ. ಸ್ವಲ್ಪ ಹೊತ್ತು ಏನೂ ಮಾತಾಡಬ್ಯಾಡ."

ಅಜ್ಜಿ ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಮಾಮೂಲಿ ದನಿಯಲ್ಲಿ ಕೇಳಿದಳು, "ಮಳ್ಯಾಗ ಕಳಚಿದ್ದಕ್ಕ ನಾ ಏನೂ ಅನ್ನೂದಿಲ್ಲ. ಆದ್ರ ಸುಳ್ಳ ಸುಳ್ಳ ಯಾಕ ಹಚ್ಚಿದಿ?"

"ನೀ ಮತ್ತ ಹೋಗ್ತಿ ಅಂತ."

ಅಮ್ಮ ಕುರ್ಚಿಯನ್ನು ಅವಳ ಕಡೆ ತಿರುಗಿಸಿದಳು. "ಬಾ, ನೋಡು. ಯಾವ್ದರ ಒಂದರ ಚೀಟಿ ಪಕ್ಕಾ ಗೊತ್ತೈತೇನು? ಒಂದೆರಡು ಉಳಿದ್ರೂ ಅಷ್ಟು ತಿರುಗಾಟ ಕಡಿಮಿ ಆಗ್ತೈತಿ."

ಗ್ರೀಷ್ಮಾ ಒಂದೊಂದನ್ನೇ ನೋಡಿದಳು. ದಪ್ಪನೆಯ ಒಂದು ಗಂಟು ತಂತಿಯ ತುದಿಯಲ್ಲಿತ್ತು. ಅದರ ಚೀಟಿಯ ಮೂಲೆ ಹರಿದಿತ್ತು. ಹರಿದಿತ್ತು ಅಂತ ಅನ್ನಿಸಿತು. ಮೂಲೆ ಹರಿದ ಚೀಟಿಗಳು ಟೇಬಲ್ ಮೇಲೆ ಎರಡಿದ್ದವು.

ಅಮ್ಮ ಪೆನ್ನು ಹಿಡಿದು ಕಾಯುತ್ತಿದ್ದಳು. ಇದೇ ಅಂದರೆ ಇದೇ ಅಂತ ಬರೆದುಕೊಳ್ಳುತ್ತಾಳೆ. ಮತ್ತೊಮ್ಮೆ ಕೇಳುವುದೂ ಇಲ್ಲ. ಅದು ಗ್ರೀಷ್ಮಾಳಿಗೆ ಗೊತ್ತಿತ್ತು.

"ಗೊತ್ತಿಲ್ಲ," ಎಂದಳು.

ಅಮ್ಮ ತಲೆಯಾಡಿಸಿ, ಎಲ್ಲ ಗಂಟುಗಳನ್ನೂ ಬಾಚಿ ಕಸದ ಡಬ್ಬಿಗೆ ಹಾಕಿದಳು.

"ಅಷ್ಟೂ ಒಗದೀ?" ಅಜ್ಜಿ ಎದ್ದು ನಿಂತಳು. "ತಿಂಗಳಗಟ್ಟಲೆ ತಿರುಗಿ ತಂದಿದ್ದು?"

"ಎಲ್ಲಿಂದಂತ ಗೊತ್ತಿಲ್ಲಂದ್ರ ಅವು ಬರೇ ಕೂದಲ, ಅತ್ತಿ."

ಅಮ್ಮ ಫೋನ್ ಮಾಡಿ ಬೆಳಿಗ್ಗೆಗೆ ಜೀಪು ಹೇಳಿದಳು. ಆಮೇಲೆ ಸ್ಟೂಲ್ ತಂದು, ಅಟ್ಟದ ಮೇಲಿನ ಬ್ಯಾಗು ಇಳಿಸಲು ಹತ್ತಿದಳು. ಸ್ಟೂಲಿನ ಒಂದು ಕಾಲು ಗಿಡ್ಡ. ಅದು ಅಲುಗಾಡಿತು.

ಗ್ರೀಷ್ಮಾ ಬಂದು ನೆಲದ ಮೇಲೆ ಕುಳಿತು ಎರಡೂ ಕೈಯಿಂದ ಅದನ್ನು ಹಿಡಿದಳು.

"ಬರೋಬರ್ ಹಿಡದೀ?" ಮೇಲಿನಿಂದ ಅಮ್ಮ ಕೇಳಿದಳು.

"ಹಿಡದೇನಿ. ನೀ ಇಳಸು."